ಭೂಪಟರಚನೆ: ದಕ್ಷಿಣ ಕನ್ನಡದಲ್ಲಿ ಅದರ ಇತಿಹಾಸ

ಕರ್ನಾಟಕದ ಕರಾವಳಿಯನ್ನು ಮೊದಲು ಗುರುತಿಸಿದವರು ಹಡಗಿನವರು, ಆಮೇಲೆ ಸೈನ್ಯದವರು, ಕೊನೆಗೆ ಕಂದಾಯದವರು. ಇಲ್ಲಿನ ಬಂದರುಗಳು ಸುಮಾರು ಎರಡು ಸಾವಿರ ವರ್ಷಗಳಿಂದ ಜಗತ್ತಿನ ಭೂಗೋಳ ಗ್ರಂಥಗಳಲ್ಲಿವೆ. ಸುಳ್ಯ ತಾಲ್ಲೂಕಿನ ಆಲೆಟ್ಟಿಯಂಥ ಘಟ್ಟದ ಬುಡದ ಗ್ರಾಮಗಳು ಗದ್ದೆ, ಗುಡ್ಡಗಳ ಸಮೇತ ನಕ್ಷೆಗೆ ಬಂದದ್ದು ಕಂದಾಯದ ಅಳತೆ ಶುರುವಾದ ಮೇಲೆ.

ಪ್ರಾಚೀನ ಭೂಪಟಗಳು

ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಊರುಗಳಿಗೆ ಅಕ್ಷಾಂಶ, ರೇಖಾಂಶಗಳನ್ನು ಕೊಟ್ಟು ಪಟ್ಟಿ ಮಾಡಿದ. ಬನವಾಸಿಯ ಹೆಸರು ಅದರಲ್ಲಿದೆ. ಆದರೆ ಅವನ ಲೆಕ್ಕದಂತೆ ಬರೆದ ಭೂಪಟದಲ್ಲಿ ದಕ್ಷಿಣ ಭಾರತ ಚಪ್ಪಟೆಯಾಗಿದೆ, ಸಿಂಹಳ ದ್ವೀಪ ಅಳತೆ ಮೀರಿ ಬೆಳೆದಿದೆ. ಈ ಗ್ರಂಥ 15ನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್‌ಗೆ ಅನುವಾದವಾಗಿ, 1477ರಲ್ಲಿ ಬೊಲೋನದಲ್ಲಿ ಭೂಪಟಗಳೊಡನೆ ಅಚ್ಚಾಯಿತು. ಅರಬ್ ವಿದ್ವಾಂಸ ಅಲ್ ಇದ್ರಿಸಿ 1154ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರನಿಗಾಗಿ ಮುಗಿಸಿದ ಭೂಪಟದಲ್ಲಿ ದಕ್ಷಿಣ ದಿಕ್ಕು ಮೇಲಿದೆ.

ನಮ್ಮಲ್ಲಿ ಬೇರೆಯೇ ಕ್ರಮವಿತ್ತು. ಜೈನ ಲೋಕವರ್ಣನೆಯಲ್ಲಿ ಮೇರು ಪರ್ವತ ನಡುವೆ, ಅದರ ಸುತ್ತ ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪ, ಅದರಾಚೆ ಲವಣಸಮುದ್ರ. ಜೀವಿಗಳ ನೆಲೆಯನ್ನು ತೋರಿಸುವ ಈ ಚಿತ್ರಗಳು ದಾರಿ ಹುಡುಕಲು ಬರೆದವಲ್ಲ.

ಬಂದರುಗಳ ಭೂಪಟ

ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ತಲುಪಿದ. ನಾಲ್ಕೇ ವರ್ಷಗಳಲ್ಲಿ, 1502ರಲ್ಲಿ, ಪೋರ್ಚುಗಲ್ಲಿನಿಂದ ಗುಟ್ಟಾಗಿ ಇಟಲಿಗೆ ಸಾಗಿದ ಕ್ಯಾಂಟಿನೊ ಭೂಪಟದಲ್ಲಿ ಭಾರತ ಚೂಪಾದ ಪರ್ಯಾಯದ್ವೀಪವಾಗಿ ಕಾಣಿಸಿಕೊಂಡಿತು. ಅದು ಈಗ ಮೊಡೆನದ ಗ್ರಂಥಾಲಯದಲ್ಲಿದೆ. ಮುಂದೆ ಪೋರ್ಚುಗೀಸರೂ ಡಚ್ಚರೂ ಮಾಡಿದ ಭೂಪಟಗಳಲ್ಲಿ ಹೊನ್ನಾವರ ‘ಓನೊರ್’, ಭಟ್ಕಳ ‘ಬಾಟಿಕಲ’, ಬಸರೂರು ‘ಬಾರ್ಸೆಲೋರ್’ ಆಗಿವೆ. ಕಡಲಂಚಿನಲ್ಲಿ ಹೆಸರುಗಳ ಸಾಲು ಒತ್ತಾಗಿದ್ದರೆ ಒಳನಾಡು ಬಹುಮಟ್ಟಿಗೆ ಖಾಲಿ. ಮೆಣಸು, ಅಕ್ಕಿ ಹಡಗಿಗೆ ಏರುತ್ತಿದ್ದ ಜಾಗವಷ್ಟೇ ವರ್ತಕರಿಗೆ ಬೇಕಿತ್ತು.

ತ್ರಿಕೋನಮಾಪನ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ಕೈಗೊಂಡ. ಅಳತೆಯ ಜತೆಗೆ ಅವನ ಸಹಾಯಕರು ಶಾಸನಗಳನ್ನೂ ಕೈಫಿಯತ್ತು ಎಂಬ ಊರ ಕಥನಗಳನ್ನೂ ಸಂಗ್ರಹಿಸಿದರು. ಇನ್ನೊಬ್ಬ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಒಂದು ಬದಿ, ಎರಡು ಕೋನ ಗೊತ್ತಾದರೆ ತ್ರಿಕೋನದ ಉಳಿದ ಬದಿಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಹಾಗೆ ಬೆಟ್ಟದಿಂದ ಬೆಟ್ಟಕ್ಕೆ ಸುಮಾರು ಅರ್ಧ ಟನ್ ತೂಕದ, ಕೋನ ಅಳೆಯುವ ಥಿಯೊಡೊಲೈಟ್ ಹೊತ್ತು ಅಳತೆ ಸಾಗಿತು. ಬೆಂಗಳೂರಿನ ಬಳಿ 1804ರಲ್ಲಿ ಇನ್ನೊಂದು ರೇಖೆ ಅಳೆದು ತಾಳೆ ನೋಡಿದಾಗ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಘಟ್ಟದಲ್ಲಿ ತಡಿಯಂಡಮೋಳ್, ಸುಬ್ರಹ್ಮಣ್ಯ ಬೆಟ್ಟಗಳು ಈ ತ್ರಿಕೋನಗಳ ಜಾಲಕ್ಕೆ ನೆರವಾದವು. ಮಂಗಳೂರು ಮುಟ್ಟಿದಾಗ, ಹಿಂದಿನ ಭೂಪಟಗಳು 400 ಮೈಲಿ ಎಂದು ತೋರಿಸಿದ್ದ ಪರ್ಯಾಯದ್ವೀಪದ ಅಗಲ 360 ಮೈಲಿ ಎಂದು ತಿಳಿಯಿತು.

ಗಡಿ ಮತ್ತು ಕಂದಾಯ

1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ, ಅಮರ ಸುಳ್ಯ ಸೀಮೆಯನ್ನು ಅದರಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಗಿ ಬಂದದ್ದು 1837ರ ಅಮರ ಸುಳ್ಯ ದಂಗೆಗೆ ಒಂದು ಮುಖ್ಯ ಕಾರಣ. ಮುಂದೆ ಕೆನರಾ ಒಡೆದು, 1862ರಲ್ಲಿ ಉತ್ತರ ಭಾಗ ಬೊಂಬಾಯಿಗೆ ಹೋಯಿತು, ದಕ್ಷಿಣ ಭಾಗ, ಅಂದರೆ ದಕ್ಷಿಣ ಕನ್ನಡ, ಮದ್ರಾಸಿನಲ್ಲಿ ಉಳಿಯಿತು. ಶತಮಾನದ ಕೊನೆಗೆ ಮದ್ರಾಸಿನ ಕಂದಾಯ ಸರ್ವೆ ಬಂದು, ಪ್ರತಿ ಗದ್ದೆಗೂ ಸರ್ವೆ ನಂಬರು ಬಿತ್ತು, ಮೂಲೆಗಳಲ್ಲಿ ಗಡಿಕಲ್ಲು ನಿಂತಿತು.

ಹಳೆ ಮೈಸೂರಿನವರು ಎಕರೆಗೆ 40 ಗುಂಟೆ ಎಣಿಸಿದರೆ ದಕ್ಷಿಣ ಕನ್ನಡದವರು 100 ಸೆಂಟ್ಸ್ ಎಣಿಸುವುದು ಆ ಮದ್ರಾಸ್ ಆಡಳಿತದ ಬಳುವಳಿ. ಇದರ ಹಿಂದೆ ಗಂಟರ್ ಸರಪಳಿಯಿದೆ. 66 ಅಡಿ ಉದ್ದದ ಅದರಲ್ಲಿ 100 ಕೊಂಡಿಗಳು. ಹತ್ತು ಚದರ ಸರಪಳಿಗೆ ಒಂದು ಎಕರೆ, ಸಾವಿರ ಚದರ ಕೊಂಡಿಗೆ ಒಂದು ಸೆಂಟ್ಸ್. ವರ್ಗ (ರೈತನ ಹೆಸರಲ್ಲಿ ದಾಖಲಾದ) ಜಮೀನಿನ ಸುತ್ತ 450 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಕಟ್ಟಿಗೆ ತರುವ ಕುಮ್ಕಿ ಸವಲತ್ತೂ ಅಳತೆಯನ್ನೇ ನೆಚ್ಚಿಕೊಂಡಿತು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೂ, ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೂ ಸೇರಿದವು. ಅಲ್ಲಿವರೆಗೆ ಕಾಸರಗೋಡಿನೊಡನೆ ಒಂದೇ ಜಿಲ್ಲೆಯಲ್ಲಿದ್ದ ಆಲೆಟ್ಟಿ ಕೇರಳದ ಗಡಿಗ್ರಾಮವಾಯಿತು.

ಇಂದು

ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್, ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲಿ ತೋರಿಸುತ್ತದೆ. ಆದರೂ ಗಡಿ ತಗಾದೆ ಬಂದರೆ ಭೂಮಾಪಕರು ಹಳೆಯ ದಾಖಲೆ ಹಿಡಿದು, ಗಡಿಕಲ್ಲು ಹುಡುಕಿ, ಸ್ಥಳದಲ್ಲೇ ಅಳೆಯಬೇಕು.