ಜಮ್ಮುವಿನ ಮೇಷ್ಟ್ರು ಬರೆದ ಪಠ್ಯಪುಸ್ತಕ

ಪದವಿಯಲ್ಲಿ ನಮಗೆ ಪರಿಸರ ಅಧ್ಯಯನ ಎಂಬ ಕಡ್ಡಾಯ ಪತ್ರಿಕೆಯೊಂದಿತ್ತು. ಹತ್ತಿರದ ಕೆರೆ ನೋಡಿ ಬಂದು ವರದಿ ಬರೆಯಬೇಕಿತ್ತು. ನಾನು ಕೆರೆಗೆ ಹೋಗಲಿಲ್ಲ. ಸೀನಿಯರ್ ಒಬ್ಬರ ಹಳೆಯ ವರದಿ ತಂದು, ಹಕ್ಕಿಗಳ ಪಟ್ಟಿಯನ್ನು ಹಿಂದೆ ಮುಂದೆ ಮಾಡಿ ಬರೆದುಕೊಟ್ಟೆ. ಅಂಕವೂ ಬಂತು. ಆ ಕೆರೆಯ ಹೆಸರು ಈಗ ನೆನಪಿಲ್ಲ.

ಅದನ್ನು ನೆನಪಿಸಿದ್ದು ಅನುವಾದದ ಕೆಲಸ. ಭೂವಿಜ್ಞಾನದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಡೆವೋನಿಯನ್, ಕೇಂಬ್ರಿಯನ್, ಜುರಾಸಿಕ್ ಮುಂತಾದ ಯುಗಗಳ ಹೆಸರಿಗೆ ಕನ್ನಡದಲ್ಲಿ ಏನು ಮಾಡುವುದು ಎಂದು ತಡಕಾಡುವಾಗ ಗೊತ್ತಾಯಿತು, ಇವೆಲ್ಲ ಊರುಕೇರಿಗಳ ಹೆಸರೇ. ಡೆವನ್ ಇಂಗ್ಲೆಂಡಿನ ಒಂದು ಸೀಮೆ, ಕೇಂಬ್ರಿಯಾ ವೇಲ್ಸಿನ ಲ್ಯಾಟಿನ್ ಹೆಸರು, ಜುರಾ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಬೆಟ್ಟಸಾಲು. ಅಲ್ಲಿಯವರು ತಮ್ಮ ಮನೆಯ ಹಿಂದಿನ ಗುಡ್ಡ ನೋಡಿ ಭೂಮಿಯ ವಯಸ್ಸಿಗೆ ಹೆಸರಿಟ್ಟರು. ನಾವು ಅದನ್ನು ಬಾಯಿಪಾಠ ಮಾಡಿದೆವು.

ಹಾಗೆಂದು ನಮ್ಮ ನೆಲಕ್ಕೆ ಹೆಸರಿರಲಿಲ್ಲ ಎಂದಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ 1851ರಲ್ಲೇ ಆರಂಭವಾಗಿತ್ತು. ಅದರ ಅಧಿಕಾರಿಗಳು ಗೊಂಡರ ನಾಡಿನಿಂದ ಗೊಂಡ್ವಾನ ಎಂಬ ಹೆಸರು ತೆಗೆದರು. ರಾಬರ್ಟ್ ಬ್ರೂಸ್ ಫೂಟ್ ನಮ್ಮ ಧಾರವಾಡದ ಹೆಸರನ್ನು ಅತಿ ಹಳೆಯ ಶಿಲೆಗಳ ಒಂದು ಸಮೂಹಕ್ಕೆ ಕೊಟ್ಟ. ಆದರೆ ಈ ಜ್ಞಾನವೆಲ್ಲ ಇದ್ದದ್ದು ಸರ್ಕಾರದ ವರದಿಗಳಲ್ಲಿ. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನದ ಬೋಧನೆ ಶುರುವಾದದ್ದು 1892ರಲ್ಲಿ. ನೆಲವನ್ನು ಅಳೆಯುವ ಕೆಲಸಕ್ಕೂ ಕಾಲೇಜಿನಲ್ಲಿ ಅದನ್ನು ಕಲಿಸುವ ಕೆಲಸಕ್ಕೂ ನಡುವೆ ನಾಲ್ಕು ದಶಕ ಕಳೆದಿತ್ತು.

ದಾರಾಶಾ ನೌಶೇರವಾನ್ ವಾಡಿಯಾ ಬರುವುದು ಈ ಹೊತ್ತಿಗೆ. 1883ರಲ್ಲಿ ಸೂರತ್‌ನಲ್ಲಿ ಹುಟ್ಟಿದ ಪಾರ್ಸಿ ಹುಡುಗ ಬರೋಡಾ ಕಾಲೇಜಿನಲ್ಲಿ ಓದಿ, 1907ರಲ್ಲಿ ಜಮ್ಮುವಿನ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿಗೆ ಅಧ್ಯಾಪಕನಾಗಿ ಹೋದ. ವಿದೇಶದ ಪದವಿ ಇರಲಿಲ್ಲ. ಅವನ ಪಾಲಿಗೆ ಬಂದದ್ದು ಪಂಜಾಬ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳು, ಮತ್ತು ಊರಿನಿಂದಲೇ ಶುರುವಾಗುವ ಶಿವಾಲಿಕ್ ಗುಡ್ಡಗಳು.

ಕೈಯಲ್ಲಿ ಇಲ್ಲದ್ದು ಪುಸ್ತಕ. ಭಾರತದ ಭೂವಿಜ್ಞಾನಕ್ಕೆಂದು ಇದ್ದದ್ದು ಸರ್ವೇಕ್ಷಣಾಲಯದ ದೊಡ್ಡ ಕೈಪಿಡಿ. 1879ರಲ್ಲಿ ಮೊದಲು ಬಂದದ್ದು, 1893ರಲ್ಲಿ ಪರಿಷ್ಕಾರಗೊಂಡದ್ದು. ಅದು ವಿದ್ಯಾರ್ಥಿಗೆಂದು ಬರೆದದ್ದಲ್ಲ, ಹಳತೂ ಆಗಿತ್ತು. ವಾಡಿಯಾ ರಜೆಯಲ್ಲಿ ಗುಡ್ಡ ಅಲೆದ. ಶಿವಾಲಿಕ್ ಪದರಗಳಲ್ಲಿ ಸ್ಟೆಗೊಡಾನ್ ಎಂಬ ಪ್ರಾಚೀನ ಆನೆಯ ಉದ್ದನೆಯ ದಂತ ಸಿಕ್ಕಿತು. ಕ್ಲಾಸಿನಲ್ಲಿ ಎದುರಾದ ಕೊರತೆಯನ್ನು ತುಂಬಲು ತಾನೇ ಕೂತು ಬರೆದ ‘ಜಿಯಾಲಜಿ ಆಫ್ ಇಂಡಿಯಾ’ 1919ರಲ್ಲಿ ಪ್ರಕಟವಾಯಿತು. ಧಾರವಾಡದಿಂದ ಗೊಂಡ್ವಾನ, ದಖ್ಖನ್ ಟ್ರ್ಯಾಪ್, ಶಿವಾಲಿಕ್‌ವರೆಗೆ ಕ್ರಮವಾಗಿ ಸಾಗುವ ಆ ಪುಸ್ತಕದಲ್ಲಿ ಕಾಶ್ಮೀರಕ್ಕೇ ಒಂದು ಅಧ್ಯಾಯವಿದೆ. ಅಲ್ಲಿ ಓದುವ ಹುಡುಗರು ನಡೆದೇ ಹೋಗಿ ನೋಡಬಹುದಾದ ನೆಲವದು. ಮುಂದೆ ಹಲವು ಆವೃತ್ತಿ ಕಂಡು, ತಲೆಮಾರುಗಳ ಭಾರತೀಯ ವಿದ್ಯಾರ್ಥಿಗಳು ಓದಿದ್ದು ಇದನ್ನೇ.

1921ರಲ್ಲಿ, 38ರ ವಯಸ್ಸಿನಲ್ಲಿ, ವಾಡಿಯಾ ಸರ್ವೇಕ್ಷಣಾಲಯ ಸೇರಿದರು. (ಇಷ್ಟು ಹೊತ್ತು ಏಕವಚನದಲ್ಲಿ ಕರೆದೆ; ಪುಸ್ತಕ ಬರೆದ ಮೇಷ್ಟರಿಗೆ ಇನ್ನು ಬಹುವಚನವೇ ಸರಿ.) ನಂಗಾ ಪರ್ಬತದ ಬಳಿ ಹಿಮಾಲಯದ ಸಾಲು ಹೇರ್‌ಪಿನ್ನಿನಂತೆ ಯಾಕೆ ಬಾಗುತ್ತದೆ ಎಂಬ ಪ್ರಶ್ನೆಗೆ 1931ರಲ್ಲಿ ಉತ್ತರ ಕೊಟ್ಟರು: ದಕ್ಷಿಣದ ಹಳೆಯ, ಗಟ್ಟಿ ಭೂಭಾಗದ ಚಾಚು ಅಲ್ಲಿ ಅಡ್ಡ ನಿಂತಿದೆ, ಮಡಿಕೆಗಳು ಅದನ್ನು ಸುತ್ತಿ ಹೋಗಿವೆ. 1957ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಡೆಹ್ರಾಡೂನ್‌ನ ಹಿಮಾಲಯ ಭೂವಿಜ್ಞಾನ ಸಂಸ್ಥೆಗೆ ಅವರದೇ ಹೆಸರು.

ನಮ್ಮ ಕಡ್ಡಾಯ ಪತ್ರಿಕೆಗೂ ಒಂದು ಇತಿಹಾಸವಿದೆ. ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. 2003ರಲ್ಲಿ ಮತ್ತೆ ಹೇಳಬೇಕಾಯಿತು. ಆಗ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯ ರೂಪಿಸಿತು. ಅದರ 100 ಅಂಕದಲ್ಲಿ 25 ಕ್ಷೇತ್ರಕಾರ್ಯಕ್ಕೇ ಮೀಸಲು. ಅಂದರೆ ಪಠ್ಯ ಮಾಡಿದವರಿಗೆ ವಾಡಿಯಾ ಕಂಡ ಸತ್ಯ ಗೊತ್ತಿತ್ತು. ಜಮ್ಮುವಿನಲ್ಲಿ ಗುಡ್ಡವಿತ್ತು, ಪುಸ್ತಕವಿರಲಿಲ್ಲ. ನನ್ನ ಬಳಿ ಪುಸ್ತಕವೂ ಇತ್ತು, ಕೆರೆಯೂ ಇತ್ತು. ಹೋಗಲಿಲ್ಲ ಅಷ್ಟೆ.

ಊರು ಬಿಟ್ಟವರಿಗೆ ಈ ನೆಲ ನಮ್ಮದಲ್ಲ ಎಂಬ ನೆಪ ಸುಲಭ. ಆದರೆ ಮುಂಬಯಿ, ಪುಣೆಗಳಲ್ಲಿರುವ ನೀವು ನಿಂತಿರುವುದು ದಖ್ಖನ್ ಟ್ರ್ಯಾಪಿನ ಮೇಲೆ. ಟ್ರ್ಯಾಪ್ ಎಂದರೆ ಸ್ವೀಡಿಷ್ ಮೂಲದಲ್ಲಿ ಮೆಟ್ಟಿಲು, ಘಾಟಿಯ ಗುಡ್ಡಗಳ ಅಂಚು ನೋಡಿದರೆ ಯಾಕೆಂದು ತಿಳಿಯುತ್ತದೆ. ಚೆನ್ನೈನ ಪರಂಗಿಮಲೈ ಚಾರ್ನೊಕೈಟ್ ಶಿಲೆಯದು. ಆ ಹೆಸರು ಬಂದದ್ದು ಕಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಯ ಕಲ್ಲಿನಿಂದ. ಹೈದರಾಬಾದಿನಲ್ಲಿ ಗ್ರಾನೈಟ್ ಬಂಡೆಗಳು, ದೆಹಲಿಯಲ್ಲಿ ರಿಡ್ಜ್‌ನ ಕ್ವಾರ್ಟ್‌ಜೈಟ್. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದು, ಪರಿಸರ ಪತ್ರಿಕೆಯ ವರದಿ ಬರೆಯುತ್ತಿದ್ದರೆ, ಒಂದು ಭಾನುವಾರ ಜೊತೆಗೆ ಹೋಗಿ ಬನ್ನಿ. ಇನ್ನೊಬ್ಬರ ವರದಿ ನಕಲು ಮಾಡಿದ್ದಕ್ಕೆ ನನಗೆ ಉಳಿದದ್ದು ಅಂಕ ಮಾತ್ರ.