ಉತ್ತರಾಧಿಕಾರಿ

ಒಂದು ಪದವಿ, ಪೀಠ, ಆಸ್ತಿ ಅಥವಾ ಹೊಣೆಯನ್ನು ಹಿಂದಿನವರ ನಂತರ ಪಡೆಯುವ ವ್ಯಕ್ತಿ ಉತ್ತರಾಧಿಕಾರಿ. ಅದನ್ನು ತೆರವು ಮಾಡಿದವರು ಪೂರ್ವಾಧಿಕಾರಿ. ಗ್ರಂಥಭಾಷೆಯ ಈ ಜೋಡಿ ಎಲ್ಲ ಕಡೆಗೂ ಸಲ್ಲುತ್ತದಾದರೂ ಬಳಕೆಯ ಕನ್ನಡದಲ್ಲಿ ಸ್ಥಾನಕ್ಕೊಂದು ಮಾತಿದೆ. ಅರಮನೆಗೆ ಯುವರಾಜ, ಮಠಕ್ಕೆ ಕಿರಿಯ ಶ್ರೀ, ನಾಡಕಚೇರಿಗೆ ವಾರಸುದಾರ, ಸರ್ಕಾರಿ ಹುದ್ದೆಗೆ ಪ್ರಭಾರಿ ಅಥವಾ ಹಂಗಾಮಿ, ತರಗತಿಗೆ ಬದಲಿ ಮೇಷ್ಟ್ರು. ಸ್ಥಾನ ಹಕ್ಕಾಗಿ ಬಂದಿದೆಯೋ, ಬರೀ ಕೆಲಸವಾಗಿ ಬಂದಿದೆಯೋ, ಇನ್ನೂ ಬರಬೇಕಾಗಿದೆಯೋ ಎಂಬುದರ ಮೇಲೆ ಪದ ಬದಲಾಗುತ್ತದೆ.

ಆಳುವ ಅರಸನಿರುವಾಗಲೇ ಮುಂದಿನವನೆಂದು ಗೊತ್ತುಮಾಡಿದವನು ಯುವರಾಜ. ಯುವರಾಜ ಪಟ್ಟವಾದವರೆಲ್ಲ ಸಿಂಹಾಸನ ಏರಿದ್ದಾರೆಂದಲ್ಲ. ಮಕ್ಕಳಿಲ್ಲದ ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ ಕಂಠೀರವ ನರಸಿಂಹರಾಜ ಒಡೆಯರ್ ದಶಕಗಳ ಕಾಲ ಮೈಸೂರಿನ ಯುವರಾಜರಾಗಿದ್ದು, 1940ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಅದೇ ಆಗಸ್ಟ್‌ನಲ್ಲಿ ಅಣ್ಣನೂ ತೀರಿಕೊಂಡಾಗ ಪಟ್ಟ ಹೋದದ್ದು ಯುವರಾಜರ ಮಗ ಜಯಚಾಮರಾಜ ಒಡೆಯರಿಗೆ.

ವಾರಸುದಾರ ಎಳೆಯನಾಗಿದ್ದರೆ ಅವನ ಪರವಾಗಿ ಆಳುವವರು ರಾಜಪ್ರತಿನಿಧಿ. ಈ ಸ್ಥಾನದಲ್ಲಿ ಕೂತವರ ನಡತೆ ಹೇಗೆ ಬೇರೆ ಬೇರೆ ಆಗಬಲ್ಲದು ಎಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಎರಡು ತುದಿಗಳ ಉದಾಹರಣೆಗಳಿವೆ. ಬಾದಾಮಿ ಚಾಲುಕ್ಯರ ಒಂದನೆಯ ಕೀರ್ತಿವರ್ಮ ಸತ್ತಾಗ ಮಗ ಪುಲಿಕೇಶಿ ಚಿಕ್ಕವನಾದ್ದರಿಂದ ತಮ್ಮ ಮಂಗಳೇಶ ಆಳಿದ. ಕೊನೆಗೆ ರಾಜ್ಯವನ್ನು ಸ್ವಂತ ಮಗನಿಗೇ ಉಳಿಸಲು ಹೊರಟು, ಅಣ್ಣನ ಮಗನೊಡನೆ ಕಾದು ಸತ್ತ. ರವಿಕೀರ್ತಿ ಬರೆದ 634ರ ಐಹೊಳೆ ಶಾಸನ ಈ ಜಗಳವನ್ನು ದಾಖಲಿಸಿದೆ. ಮೈಸೂರಿನಲ್ಲಿ 1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡಾಗ ನಾಲ್ವಡಿಯವರಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ಆಳಿ, 1902ರಲ್ಲಿ ಮಗನಿಗೆ ಅಧಿಕಾರ ಒಪ್ಪಿಸಿದರು.

ಮಕ್ಕಳಿಲ್ಲದ ಮನೆತನದ ದಾರಿ ದತ್ತು. ದತ್ತುಪುತ್ರನನ್ನು ಉತ್ತರಾಧಿಕಾರಿಯೆಂದು ಯಾರು ಒಪ್ಪಬೇಕು ಎಂಬ ಪ್ರಶ್ನೆಗೆ ಕನ್ನಡನಾಡಿನಲ್ಲಿ ರಕ್ತ ಹರಿದಿದೆ. ಕಿತ್ತೂರಿನ ಶಿವಲಿಂಗರುದ್ರಸರ್ಜ 1824ರಲ್ಲಿ ಸಾಯುವ ಮುನ್ನ ತೆಗೆದುಕೊಂಡ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರಿನ ಕಾಳಗದಲ್ಲಿ ರಾಣಿ ಚೆನ್ನಮ್ಮನ ಪಡೆ ಅವನನ್ನು ಕೊಂದಿತು. ಡಾಲ್‌ಹೌಸಿಯ ಹೆಸರಿಗೆ ಅಂಟಿದ ದತ್ತು ನಿರಾಕರಣೆಯ ನೀತಿಗೆ ಕಾಲು ಶತಮಾನ ಮೊದಲೇ ನಡೆದ ಘಟನೆಯಿದು. ನರಗುಂದದ ಬಾಬಾಸಾಹೇಬರು 1858ರಲ್ಲಿ ದಂಗೆ ಎದ್ದುದರ ಹಿಂದೆಯೂ ದತ್ತಿನ ನಿರಾಕರಣೆ ಇತ್ತು. ಮೈಸೂರಿನ ಅದೃಷ್ಟ ಬೇರೆ: ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ತೆಗೆದುಕೊಂಡ ದತ್ತಿಗೆ 1867ರಲ್ಲಿ ಬ್ರಿಟಿಷರ ಒಪ್ಪಿಗೆ ಸಿಕ್ಕಿತು. ರಾಜ್ಯವೇ ಇಲ್ಲದ ಕಾಲದಲ್ಲೂ ಪದ್ಧತಿ ನಿಂತಿಲ್ಲ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ತೀರಿಕೊಂಡ ಮೇಲೆ ಪತ್ನಿ ಪ್ರಮೋದಾದೇವಿಯವರು 2015ರಲ್ಲಿ ಯದುವೀರರನ್ನು ದತ್ತು ತೆಗೆದುಕೊಂಡರು.

ತುಳುನಾಡಿನ ಅಳಿಯಸಂತಾನದಲ್ಲಿ ಹಕ್ಕು ಹೆಣ್ಣಿನ ಕಡೆಯಿಂದ ಹರಿಯುತ್ತಿತ್ತು. ಗಂಡಸಿನ ಸ್ಥಾನಕ್ಕೆ ಬರುವವನು ಮಗನಲ್ಲ, ಸೋದರಳಿಯ. 1949ರ ಮದ್ರಾಸ್ ಕಾಯ್ದೆ, ಬಳಿಕ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳಿಂದ ಆಸ್ತಿಯ ಮಟ್ಟಿಗೆ ಈ ಕಟ್ಟು ಸಡಿಲವಾಯಿತು. ಗುತ್ತಿನ ಮನೆಗಳಲ್ಲಿ ಹಿರಿಯನಿಗೆ ಯಜಮಾನಿಕೆಯ ಪಟ್ಟ ಕಟ್ಟುವ ಗಡಿ ಪ್ರದಾನದ ವಾಡಿಕೆ ಮಾತ್ರ ದೈವದ ಕಾರ್ಯಕ್ಕಾಗಿ ಉಳಿದುಕೊಂಡಿದೆ.

ಇಂದು ಉತ್ತರಾಧಿಕಾರಿ ಎಂಬ ಪದ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಮಠಗಳ ಸುದ್ದಿಯಲ್ಲಿ. ವೀರಶೈವ ಲಿಂಗಾಯತ ಮಠಗಳಲ್ಲಿ ಪುತ್ರವರ್ಗ, ಶಿಷ್ಯವರ್ಗ ಎಂಬ ಎರಡು ಬಗೆ. ಮೊದಲನೆಯದರಲ್ಲಿ ಸ್ವಾಮಿಗಳ ಮಗನಿಗೆ, ಎರಡನೆಯದರಲ್ಲಿ ಬ್ರಹ್ಮಚಾರಿ ಶಿಷ್ಯನಿಗೆ ಪಟ್ಟ. ಪಟ್ಟಕ್ಕೆಂದು ಬೆಳೆಸುವ ಎಳೆಯನನ್ನು ಮರಿ, ಮರಿದೇವರು ಎಂದು ಕರೆಯುತ್ತಾರೆ. ಶೃಂಗೇರಿಯಲ್ಲಿ ಉತ್ತರಾಧಿಕಾರಿಯ ಆಯ್ಕೆಗೆ ಶಿಷ್ಯಸ್ವೀಕಾರ ಎಂದು ಹೆಸರು. ಭಾರತೀತೀರ್ಥರು 2015ರಲ್ಲಿ ವಿಧುಶೇಖರ ಭಾರತಿಯವರನ್ನು ಸ್ವೀಕರಿಸಿದ ಮೇಲೆ ಭಕ್ತರ ಬಾಯಲ್ಲಿ ಹಿರಿಯರು ಮಹಾಸನ್ನಿಧಾನ, ಕಿರಿಯರು ಸನ್ನಿಧಾನ.

ಸಿದ್ಧಗಂಗೆಯಲ್ಲಿ ಆದದ್ದು ಯಾರೂ ಎಣಿಸದ ಆಯ್ಕೆ. ಉದ್ದಾನ ಶಿವಯೋಗಿಗಳ ನಂತರಕ್ಕೆ ಗೊತ್ತಾಗಿದ್ದ ಮರುಳಾರಾಧ್ಯರು 1930ರಲ್ಲಿ ಹಠಾತ್ತಾಗಿ ಲಿಂಗೈಕ್ಯರಾದರು. ಅಂತ್ಯಕ್ರಿಯೆಗೆಂದು ಬಂದಿದ್ದ ಬೆಂಗಳೂರಿನ ಕಾಲೇಜು ವಿದ್ಯಾರ್ಥಿ ಶಿವಣ್ಣನನ್ನೇ ಗುರುಗಳು ಉತ್ತರಾಧಿಕಾರಿಯೆಂದು ಸಾರಿದರು. 1941ರಲ್ಲಿ ಮಠದ ಪೂರ್ಣ ಹೊಣೆ ಹೊತ್ತು, 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಅವರೇ.

ಉತ್ತರಾಧಿಕಾರಿಯನ್ನು ಹೆಸರಿಸದೆಯೇ ಯತಿ ತೀರಿಕೊಂಡರೆ? ಉಡುಪಿಯ ಅಷ್ಟಮಠಗಳು ಇದಕ್ಕೆ ಜಾಣ ಏರ್ಪಾಡು ಮಾಡಿಕೊಂಡಿವೆ. ಪಲಿಮಾರು–ಅದಮಾರು, ಕೃಷ್ಣಾಪುರ–ಪುತ್ತಿಗೆ, ಶಿರೂರು–ಸೋದೆ, ಕಾಣಿಯೂರು–ಪೇಜಾವರ ಹೀಗೆ ಎಂಟೂ ಮಠಗಳು ನಾಲ್ಕು ದ್ವಂದ್ವಗಳು. ಒಂದರಲ್ಲಿ ಪೀಠ ಬರಿದಾದರೆ ಶಿಷ್ಯನನ್ನು ನೇಮಿಸುವ ಅಧಿಕಾರ ಜೊತೆ ಮಠದ ಯತಿಗಳದು. 2018ರಲ್ಲಿ ಶಿರೂರು ಮಠದ ಲಕ್ಷ್ಮೀವರತೀರ್ಥರು ತೀರಿಕೊಂಡಾಗ ಸೋದೆ ಮಠದ ಯತಿಗಳು ವೇದವರ್ಧನತೀರ್ಥರನ್ನು 2021ರಲ್ಲಿ ಪೀಠಕ್ಕೆ ತಂದದ್ದು ಈ ಕಟ್ಟಳೆಯಂತೆಯೇ. ಎರಡು ವರ್ಷಕ್ಕೊಮ್ಮೆ ಕೃಷ್ಣಪೂಜೆಯ ಹೊಣೆ ಮಠದಿಂದ ಮಠಕ್ಕೆ ಸರಿಯುವ ಪರ್ಯಾಯವನ್ನು ಉತ್ತರಾಧಿಕಾರ ಎನ್ನಲಾಗದು. ಅದು ಸರದಿ, ಇಳಿದವರು ಮತ್ತೆ ಏರುತ್ತಾರೆ.

ಕಚೇರಿಯ ಪದಗಳಲ್ಲಿ ಹೆಚ್ಚು ಗೊಂದಲ ಪ್ರಭಾರಿ, ಹಂಗಾಮಿಗಳದು. ತನ್ನ ಹುದ್ದೆಯಲ್ಲೇ ಇದ್ದು ಖಾಲಿ ಬಿದ್ದ ಇನ್ನೊಂದನ್ನೂ ನೋಡಿಕೊಳ್ಳುವವರು ಪ್ರಭಾರಿ. ಮುಖ್ಯ ಶಿಕ್ಷಕರಿಲ್ಲದ ಶಾಲೆಯ ಹಿರಿಯ ಶಿಕ್ಷಕಿ ಪಾಠವನ್ನೂ ಮಾಡಿ ಬಿಸಿಯೂಟದ ಲೆಕ್ಕವನ್ನೂ ಬರೆಯುವುದು ಪ್ರಭಾರದಲ್ಲಿ. ಹಂಗಾಮಿಯವರು ಆ ಸ್ಥಾನದಲ್ಲೇ ಕೂರುತ್ತಾರೆ, ಕಾಯಂ ಆದವರು ಬರುವ ತನಕ. ಮುಂಗಾರು ಹಂಗಾಮು ಎನ್ನುವಾಗಿನ ಪಾರಸಿ ಮೂಲದ ಮಾತೇ ಇದು. ಕಾಲಕ್ಕೆ ಕಟ್ಟುಬಿದ್ದದ್ದು ಎಂಬ ಅರ್ಥ. ಪತ್ರಿಕೆಗಳು ಇವೆರಡನ್ನು ಅದಲುಬದಲು ಮಾಡುವುದು ಮಾಮೂಲು.

ಹಂಗಾಮಿ ಪದ ತಲುಪಿದ ಅತ್ಯುನ್ನತ ಸ್ಥಾನದಲ್ಲಿ ಕೂತವರಲ್ಲಿ ಒಬ್ಬ ಕನ್ನಡಿಗರಿದ್ದಾರೆ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ, ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಅಮೆರಿಕದಲ್ಲಿ ಅಧ್ಯಕ್ಷ ಸತ್ತರೆ ಉಪಾಧ್ಯಕ್ಷ ಉಳಿದ ಅವಧಿಗೆಲ್ಲ ಅಧ್ಯಕ್ಷನೇ ಆಗುತ್ತಾನೆ. ನಮ್ಮ ಸಂವಿಧಾನದಲ್ಲಿ ಹಾಗಿಲ್ಲ, ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು. ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಬರುವವರೆಗೆ ಜತ್ತಿಯವರು ಸ್ಥಾನ ಕಾದರು. ಹಂಗಾಮಿಯೆಂದು ಅಧಿಕಾರವೇನೂ ಕಡಿಮೆ ಇರಲಿಲ್ಲ: ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದ್ದು, ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕಿದ್ದು ಅವರೇ.

ಹಳ್ಳಿಯ ಶಾನುಭೋಗಿಕೆ, ಪಟೇಲಿಕೆಗಳು ತಂದೆಯಿಂದ ಮಗನಿಗೆ ಇಳಿಯುತ್ತಿದ್ದವು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಅದಕ್ಕೆ ಕೊನೆ ಹಾಡಿತು. ಜಮೀನಿನ ವಾರಸು ಉಳಿದಿದೆ. ತೀರಿಕೊಂಡವರ ಹೆಸರಿನ ಪಹಣಿಯನ್ನು ವಂಶವೃಕ್ಷದ ಆಧಾರದ ಮೇಲೆ ವಾರಸುದಾರರಿಗೆ ಬದಲಿಸುವುದು ಪೌತಿ ಖಾತೆ. ಪೌತಿ ಎಂದರೆ ಮರಣ. ವಾರಸುದಾರ ಎಂದರೆ ಗಂಡುಮಗ ಎಂಬ ಹಳೆಯ ಎಣಿಕೆಯನ್ನು ಕರ್ನಾಟಕದ ಕಾನೂನು 1994ರಲ್ಲೇ ತಿದ್ದಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಜನ್ಮತಃ ಹಕ್ಕು ಕೊಟ್ಟಿತು; ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ.

ವಾರಸುದಾರನೊಡನೆ ಜನ ಕಲಸಿಕೊಳ್ಳುವ ಇನ್ನೊಬ್ಬ ವ್ಯಕ್ತಿ ನಾಮಿನಿ. ವಿಮೆಯ ಹಣ ನಾಮಿನಿಯ ಕೈಗೆ ಬಂದರೂ ಒಡೆತನ ವಾರಸುದಾರರದೇ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿತು. 2015ರ ತಿದ್ದುಪಡಿಯ ನಂತರ ಪಾಲಿಸಿದಾರರು ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ಹೆಸರಿಸಿದ್ದರೆ ವಿಮೆಯ ಹಣ ಅವರಿಗೇ ಸಲ್ಲುತ್ತದೆ. ಬ್ಯಾಂಕಿನ ಠೇವಣಿಗೆ ಈ ವಿನಾಯಿತಿ ಇಲ್ಲ. ನಾಮಿನಿ ಪಡೆದ ಹಣದಲ್ಲಿ ವಾರಸುದಾರರು ತಮ್ಮ ಪಾಲು ಕೇಳಬಹುದು.