ಚಾಲಿಯಾರ್: ಕೂಲಿ ಮತ್ತು ನೀರಿನ ನಡುವೆ

ನೀಲಗಿರಿಯ ತಪ್ಪಲಿನಿಂದ ಇಳಿದು, ನಿಲಂಬೂರಿನ ತೇಗದ ಕಾಡುಗಳನ್ನು ದಾಟಿ, ಬೇಪೂರಿನಲ್ಲಿ ಅರಬ್ಬಿ ಸಮುದ್ರ ಸೇರುವ ನದಿ ಚಾಲಿಯಾರ್. ಈ ನೀರಿನಲ್ಲಿ ತೇಲಿಬಂದ ಮರದಿಂದ ಬೇಪೂರಿನ ಕುಶಲಕರ್ಮಿಗಳು ಅರಬರಿಗಾಗಿ 'ಉರು' ಹಡಗುಗಳನ್ನು ಕಟ್ಟಿದರು. ಮಲಬಾರಿನ ಚರಿತ್ರೆ ಬರೆಯುವಾಗ ನಾವು ಹಡಗುಗಳನ್ನು ನೆನೆಯುತ್ತೇವೆ, ನದಿಯನ್ನು ಮರೆಯುತ್ತೇವೆ.

1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರ ಅಧಿಕಾರಕ್ಕೆ ಬಂತು. ನಿರುದ್ಯೋಗ ನೀಗಿಸಲು ಅದು ಕರೆತಂದದ್ದು ಬಿರ್ಲಾ ಸಮೂಹದ ಗ್ವಾಲಿಯರ್ ರೇಯಾನ್ಸ್ ಕಂಪೆನಿಯನ್ನು. ಕೋಝಿಕ್ಕೋಡ್ ಜಿಲ್ಲೆಯ ಮಾವೂರಿನಲ್ಲಿ ಕಾರ್ಖಾನೆ ಎದ್ದಿತು. ಕಾಡಿನ ಬಿದಿರನ್ನು ಟನ್ನಿಗೆ ಒಂದು ರೂಪಾಯಿಯಂತೆ ಕೊಡಲು ಸರಕಾರ ಒಪ್ಪಿತು. 1963ರಲ್ಲಿ ಬಿದಿರಿನ ತಿರುಳು ತಯಾರಾಗತೊಡಗಿತು, ಅದರ ತ್ಯಾಜ್ಯ ಚಾಲಿಯಾರ್‌ಗೆ ಹರಿಯತೊಡಗಿತು. ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ನೀರು ಕಪ್ಪಾಗಿ ನಾರುತ್ತಿತ್ತು, ಮೀನು ಸತ್ತು ತೇಲುತ್ತಿತ್ತು.

ಎದುರು ದಡದಲ್ಲಿ ಮಲಪ್ಪುರಂ ಜಿಲ್ಲೆಯ ವಾಝಕ್ಕಾಡ್. ಅಲ್ಲಿನ ಪಂಚಾಯತ್ ಅಧ್ಯಕ್ಷರಾಗಿದ್ದ ಕೆ.ಎ. ರಹ್ಮಾನ್ ಊರವರನ್ನು ಸಂಘಟಿಸಿದರು. 1974ರಲ್ಲಿ ತೃಶ್ಶೂರಿನ ರಾಮನಿಲಯಂನಲ್ಲಿ ಒಪ್ಪಂದವೇನೋ ಆಯಿತು, ಆದರೆ ನದಿ ತಿಳಿಯಾಗಲಿಲ್ಲ.

ಈ ಚರಿತ್ರೆಯ ಅತ್ಯಂತ ಕಠಿಣ ಅಧ್ಯಾಯ 1985ರದು. ಆ ವರ್ಷ ಕಾರ್ಮಿಕ ವಿವಾದದಿಂದ ಕಾರ್ಖಾನೆಗೆ ಬೀಗ ಬಿತ್ತು. ನದಿ ಉಸಿರಾಡಿತು. ಆದರೆ ಸಾವಿರಾರು ಮನೆಗಳ ಒಲೆ ಆರಿತು, ಹಲವು ಕಾರ್ಮಿಕರು ಆತ್ಮಹತ್ಯೆ ಮಾಡಿಕೊಂಡರು. 1988ರಲ್ಲಿ ಬಾಗಿಲು ತೆರೆದಾಗ ಕೂಲಿಯೂ ಮರಳಿತು, ಕೊಳೆಯೂ ಮರಳಿತು. ಒಂದೇ ಬಡವನನ್ನು ಎರಡಾಗಿ ಸೀಳಿ, ಅನ್ನ ಬೇಕೋ ನೀರು ಬೇಕೋ ಎಂದು ಕೇಳಿದವರು ಯಾರು? ಈ ಪ್ರಶ್ನೆಯನ್ನು ಕಂಪೆನಿಗೂ ಕೇಳಬೇಕು, ಬಂದುಹೋದ ಎಲ್ಲ ಸರಕಾರಗಳಿಗೂ ಕೇಳಬೇಕು. ತ್ಯಾಜ್ಯವನ್ನು ಶುದ್ಧಗೊಳಿಸುವ ಖರ್ಚನ್ನು ಉಳಿಸಿದವರ ಲೆಕ್ಕಪುಸ್ತಕದಲ್ಲಿ ಅದು ಲಾಭ. ವಾಝಕ್ಕಾಡಿನ ಮನೆಗಳಲ್ಲಿ ಅದು ಕಾಯಿಲೆ.

ಊರಿನ ಕ್ಯಾನ್ಸರ್ ಸಾವುಗಳತ್ತ ನಾಡಿನ ಗಮನ ಸೆಳೆದ ರಹ್ಮಾನ್ 1999ರ ಜನವರಿ 11ರಂದು ಅದೇ ಕ್ಯಾನ್ಸರ್‌ಗೆ ಬಲಿಯಾದರು. ಅವರ ಸಾವು ಹೋರಾಟವನ್ನು ಮತ್ತೆ ಎಬ್ಬಿಸಿತು. ಆ ಜನವರಿಯಲ್ಲೇ ಹೊಸ ಸತ್ಯಾಗ್ರಹ ಆರಂಭವಾಯಿತು. ಕಚ್ಚಾವಸ್ತುವಿನ ಕೊರತೆಯೂ ಸೇರಿ ಅದೇ ವರ್ಷ ಉತ್ಪಾದನೆ ನಿಂತಿತು.

ಕನ್ನಡಿಗರಾದ ನಮಗೆ ಇದು ಪರವೂರಿನ ಕಥೆಯಲ್ಲ. ಇದೇ ಸಮೂಹದ ತಿರುಳಿನ ಕಾರ್ಖಾನೆ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ತಲೆಯೆತ್ತಿದಾಗ ತುಂಗಭದ್ರೆಯ ಮೀನುಗಾರರೂ ದಡದ ರೈತರೂ ಇದೇ ದೂರು ಹೇಳಿದ್ದರು. ಅದರ ನೀಲಗಿರಿ ತೋಪುಗಳಿಗಾಗಿ ಹಳ್ಳಿಗಳ ಗೋಮಾಳ ಕೊಟ್ಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು.

ಮಾವೂರಿನಲ್ಲಿ ಕೊನೆಗೂ ನದಿ ಗೆದ್ದಿತು ಎನ್ನುವುದು ಸುಲಭ. ಆದರೆ ಕೆಲಸ ಕಳೆದುಕೊಂಡ ಕಾರ್ಮಿಕನನ್ನೂ, ಪ್ರಾಣ ಕಳೆದುಕೊಂಡ ರಹ್ಮಾನರನ್ನೂ ಒಂದೇ ಪುಟದಲ್ಲಿ ಬರೆಯದ ಚರಿತ್ರೆ ಅರ್ಧ ಚರಿತ್ರೆ. ಮುಂದಿನ ಕಾರ್ಖಾನೆಯ ಅಡಿಗಲ್ಲು ಸಮಾರಂಭಕ್ಕೆ ಚಪ್ಪಾಳೆ ತಟ್ಟುವ ಮೊದಲು ನಾವು ಕೇಳಬೇಕಾದದ್ದು ಇಷ್ಟೇ: ಇದರ ಕೊಳಚೆ ಯಾರ ಬಾವಿಗೆ?